ಸಹಾಯ ಬೇಕು: ಮರಗೆಣಸಿನ ಖಿಚಡಿ ಅಂಟಾಗದಂತೆ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ನಮ್ಮ ಮನೆಯಲ್ಲಿ ಏಕಾದಶಿಯಂದು ಅವ್ವ, ರಾತ್ರಿಯೇ ನೆನೆಯಿಟ್ಟ ಸಾಬೂದಾಣಿಗೆ ಹುರಿದ ಶೇಂಗಾದ ಪುಡಿ, ಜೀರಿಗೆ, ಹಸಿಮೆಣಸಿನಕಾಯಿ ಬೆರೆಸಿ ಮಾಡುತ್ತಿದ್ದ ಖಿಚಡಿಯಲ್ಲಿ ಒಂದೊಂದು ಕಾಳೂ ಬಿಡಿಬಿಡಿಯಾಗಿರುತ್ತಿತ್ತು. ಅವಳು ತೀರಿಕೊಂಡ ಮೇಲೆ ಅಪ್ಪ ಆ ರುಚಿಯನ್ನೇ ನೆನೆಯುತ್ತಾರೆ. ಸಾಬೂದಾಣಿಯು ಮರಗೆಣಸಿನ ಪಿಷ್ಟದಿಂದಲೇ ತಯಾರಾಗುವುದರಿಂದ, ಹಸಿ ಗೆಡ್ಡೆಯಿಂದಲೇ ಆ ಖಿಚಡಿ ಮಾಡಲು ಎರಡು ಸಲ ಪ್ರಯತ್ನಿಸಿದೆ. ಎರಡೂ ಸಲ ಮುದ್ದೆಯಂತೆ ಅಂಟಿಕೊಂಡಿತು. ಹಸಿ ಗೆಡ್ಡೆಯಲ್ಲಿ ಸಯನೈಡ್ ಉಂಟುಮಾಡುವ ಅಂಶವಿರುವುದರಿಂದ, ದಪ್ಪ ಸಿಪ್ಪೆ ತೆಗೆದು, ಹೋಳುಗಳನ್ನು ಹೆಚ್ಚು ನೀರಿನಲ್ಲಿ ಚೆನ್ನಾಗಿ ಬೇಯಿಸಿ, ಆ ನೀರನ್ನು ಚೆಲ್ಲುತ್ತೇನೆ, ಅದರಲ್ಲಿ ರಾಜಿಯಿಲ್ಲ. ಬೆಂದ ಹೋಳುಗಳನ್ನು ಪೂರ್ತಿ ಆರಿಸಿ ತುರಿಯಬೇಕೇ, ಬಿಸಿಯಿರುವಾಗಲೇ ಪುಡಿ ಮಾಡಬೇಕೇ? ನಡುವಿನ ನಾರನ್ನು ಯಾವಾಗ ತೆಗೆಯಬೇಕು? ಅನುಭವವಿದ್ದವರು ದಯವಿಟ್ಟು ವಿವರವಾಗಿ ತಿಳಿಸಿರಿ. ಬರುವ ಏಕಾದಶಿಗೆ ಅಪ್ಪನಿಗೆ ಬಡಿಸಬೇಕಾಗಿದೆ.