ಉಲುವಾಟು ರೀಫ್‌ಗೆ ಹೊರಟವರು ಅಲೆಯ ಮುನ್ಸೂಚನೆಯನ್ನು ಓದುವುದು ಹೇಗೆ?

ಪ್ರಶ್ನೆ – ಮೂಲ್ಕಿಯ ಸದಸ್ಯರೊಬ್ಬರು

ಸರ್, ನಮಸ್ಕಾರ. ನಾನು ಆರು ವರ್ಷಗಳಿಂದ ಸಸಿಹಿತ್ಲು ಅಳಿವೆಯ ಬಳಿಯೂ ಪಣಂಬೂರಿನಲ್ಲಿಯೂ ಸರ್ಫಿಂಗ್ ಮಾಡುತ್ತಿದ್ದೇನೆ. ಜುಲೈಯಲ್ಲಿ ನಮ್ಮ ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ಮೂವರು ಗೆಳೆಯರು ಬಾಲಿಗೆ ಹೋಗಿ, ಉಲುವಾಟುವಿನಲ್ಲಿ ಮೊದಲ ಬಾರಿಗೆ ಹವಳದ ರೀಫ್ (ನೀರಿನಡಿಯ ಬಂಡೆ) ಮೇಲೆ ಒಡೆಯುವ ತೆರೆಗಳಿಗೆ ಇಳಿಯಬೇಕೆಂದಿದ್ದೇವೆ. ಇಲ್ಲಿ ನಾನು ಮೊಬೈಲಿನಲ್ಲಿ ಅಲೆಯ ಎತ್ತರ ಒಂದನ್ನೇ ನೋಡಿ ಹೊರಡುವವನು. ಅಭ್ಯಾಸಕ್ಕೆಂದು ಕೆಲವು ವಾರಗಳಿಂದ ಉಲುವಾಟುವಿನ ಮುನ್ಸೂಚನೆಯನ್ನು ನೋಡುತ್ತಿದ್ದೇನೆ. ಎರಡು ಬೇರೆ ಬೇರೆ ದಿನ ಎತ್ತರ 2 ಮೀಟರ್ ಎಂದೇ ಇತ್ತು. ಆದರೆ ಅಲ್ಲಿನ ಕ್ಯಾಮೆರಾದಲ್ಲಿ ಒಂದು ದಿನ ಹದವಾದ ತೆರೆ ಕಂಡರೆ, ಇನ್ನೊಂದು ದಿನ ನೋಡಿದರೇ ಎದೆ ಝಲ್ಲೆನ್ನುವಂತಿತ್ತು. ಯಾವ ಅಂಕಿಯನ್ನು ಮೊದಲು ನೋಡಬೇಕು? ಹತ್ತು ದಿನಗಳ ಮುನ್ಸೂಚನೆಯನ್ನು ನಂಬಿ ದಿನ ಗೊತ್ತುಪಡಿಸಿಕೊಳ್ಳಬಹುದೇ?

ಉತ್ತರ – ಅಲೆಗಳ ಮುನ್ಸೂಚನೆಯ ಕೆಲಸದಲ್ಲಿದ್ದು, ಈಗ ಉಡುಪಿಯಲ್ಲಿ ನೆಲೆಸಿರುವ ತಜ್ಞರು

ನಮಸ್ಕಾರ. ಎರಡೂ ದಿನ 2 ಮೀಟರ್ ಇದ್ದದ್ದು ನಿಜವೇ ಇರಬೇಕು. ಆದರೆ ಆ ಅಂಕಿ ರೀಫ್ ಮೇಲಿನ ತೆರೆಯದಲ್ಲ, ಹೊರಗಿನ ಆಳ ಕಡಲಿನದು. ಆ 2 ಮೀಟರ್ ನಿಮ್ಮ ಮುಂದೆ ಏನಾಗಿ ಏಳುತ್ತದೆ ಎಂಬುದನ್ನು ಬೇರೆ ಅಂಕಿಗಳು ಹೇಳುತ್ತವೆ. ಆದ್ದರಿಂದ ಎತ್ತರವನ್ನು ಎಲ್ಲಕ್ಕಿಂತ ಕೊನೆಗೆ ನೋಡಿ ಎಂಬುದು ನನ್ನ ಸಲಹೆ.

ಮೊದಲು ನೋಡಬೇಕಾದದ್ದು ಪೀರಿಯಡ್, ಅಂದರೆ ಒಂದು ತೆರೆಯ ನೆತ್ತಿ ದಾಟಿದ ಮೇಲೆ ಮುಂದಿನದರ ನೆತ್ತಿ ಅದೇ ಜಾಗಕ್ಕೆ ಬರಲು ಹಿಡಿಯುವ ಸೆಕೆಂಡುಗಳು. ಆಳ ಕಡಲಿನಲ್ಲಿ ಪೀರಿಯಡ್‌ನ ವರ್ಗವನ್ನು 1.56ರಿಂದ ಗುಣಿಸಿದರೆ ತೆರೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 8 ಸೆಕೆಂಡಿನ ತೆರೆ ಸುಮಾರು 100 ಮೀಟರ್ ಉದ್ದದ್ದಾದರೆ 16 ಸೆಕೆಂಡಿನದು ಸುಮಾರು 400 ಮೀಟರ್ ಉದ್ದದ್ದು. ನೀರಿನ ಆಳ ತೆರೆಯ ಉದ್ದದ ಅರ್ಧಕ್ಕಿಂತ ಕಡಿಮೆಯಾದೊಡನೆ ಅದಕ್ಕೆ ತಳದ ಅರಿವಾಗತೊಡಗುತ್ತದೆ. ಮೊದಲನೆಯದಕ್ಕೆ 50 ಮೀಟರ್ ಆಳದಲ್ಲಿ, ಎರಡನೆಯದಕ್ಕೆ 200 ಮೀಟರ್ ಆಳದಲ್ಲಿಯೇ. ಎತ್ತರ ಒಂದೇ ಇದ್ದರೂ 16 ಸೆಕೆಂಡಿನ ತೆರೆ ಹೊತ್ತು ತರುವ ಶಕ್ತಿ 8 ಸೆಕೆಂಡಿನದರ ಇಮ್ಮಡಿ. ನಮ್ಮ ಮಂಗಳೂರಿನ ಕಡಲತಳ ದಡದಿಂದ ಹತ್ತಾರು ಕಿಲೋಮೀಟರ್‌ವರೆಗೆ ನಿಧಾನವಾಗಿ ಆಳವಾಗುತ್ತಾ ಹೋಗುವುದರಿಂದ ಉದ್ದದ ತೆರೆ ದಾರಿಯುದ್ದಕ್ಕೂ ತಳಕ್ಕೆ ಉಜ್ಜಿ ತನ್ನ ಬಲದ ಒಂದು ಪಾಲನ್ನು ಕಳೆದುಕೊಂಡೇ ಸಸಿಹಿತ್ಲನ್ನು ಮುಟ್ಟುತ್ತದೆ. ಉಲುವಾಟುವಿನಲ್ಲಿ ಆಳ ನೀರು ದಡಕ್ಕೆ ಹತ್ತಿರವಿದೆ. ಆ ಬಲವೆಲ್ಲ ರೀಫ್‌ನ ಅಂಚಿನಲ್ಲಿ ಒಮ್ಮೆಲೇ ಮೇಲೇಳುವುದರಿಂದ, ಹೊರಗಿನ 2 ಮೀಟರ್ ಅಲ್ಲಿ 3 ಮೀಟರಿಗೂ ಮಿಕ್ಕಿ ನಿಲ್ಲುವುದು ಸಾಮಾನ್ಯ. ನಿಮ್ಮ ಎರಡು ದಿನಗಳ ಪೀರಿಯಡ್ ಬರೆದಿಟ್ಟುಕೊಂಡಿದ್ದರೆ ಒಮ್ಮೆ ಹೋಲಿಸಿ ನೋಡಿ. ವ್ಯತ್ಯಾಸ ಅಲ್ಲಿಯೇ ಇರುವ ಸಾಧ್ಯತೆ ಹೆಚ್ಚು.

ಇದರ ಜೊತೆಗೆ ಒಂದು ಎಚ್ಚರಿಕೆ. ಮೊಬೈಲಿನಲ್ಲಿ ದೊಡ್ಡದಾಗಿ ತೋರಿಸುವ ಎತ್ತರ ಹಲವು ಕಡೆ ದೂರದ ಸ್ವೆಲ್ (ದೂರದ ಬಿರುಗಾಳಿಯಲ್ಲಿ ಹುಟ್ಟಿ ಸಾಗಿಬಂದ ತೆರೆ) ಮತ್ತು ಸ್ಥಳೀಯ ಗಾಳಿ ಎಬ್ಬಿಸಿದ ಕಿರುತೆರೆ ಎರಡನ್ನೂ ಸೇರಿಸಿದ ಮೊತ್ತವಾಗಿರುತ್ತದೆ. ಸ್ವೆಲ್ ಅನ್ನು ಬೇರೆಯಾಗಿ, ಎರಡು ಸ್ವೆಲ್‌ಗಳಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ತೋರಿಸುವ ಪಟ್ಟಿಯನ್ನೇ ತೆರೆಯಿರಿ.

ಎರಡನೆಯದು ದಿಕ್ಕು. ಪಟ್ಟಿಯಲ್ಲಿ 210 ಡಿಗ್ರಿ ಎಂದಿದ್ದರೆ ತೆರೆ ಆ ದಿಕ್ಕಿನಿಂದ, ಎಂದರೆ ದಕ್ಷಿಣ–ನೈಋತ್ಯದಿಂದ ಬರುತ್ತದೆ ಎಂದರ್ಥ. ನಕ್ಷೆಯ ಬಾಣವಾದರೋ ತೆರೆ ಹೋಗುವ ಕಡೆಗೆ ಮುಖಮಾಡಿರುತ್ತದೆ. ಇವೆರಡನ್ನೂ ಗೊಂದಲ ಮಾಡಿಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಉಲುವಾಟು ಬುಕಿತ್ ಪರ್ಯಾಯ ದ್ವೀಪದ ಪಡುಬದಿಯಲ್ಲಿರುವುದರಿಂದ ತೆಂಕಿನಿಂದ ಬಂದ ತೆರೆ ಅಲ್ಲಿ ಮೂಲೆ ತಿರುಗಬೇಕು. ನೈಋತ್ಯದ ಕಡೆಗೆ ವಾಲಿದಷ್ಟೂ ನೇರವಾಗಿ ಒಳಬರುತ್ತದೆ. ಆಗ್ನೇಯಕ್ಕೆ ವಾಲಿದಷ್ಟೂ ಸೊರಗುತ್ತದೆ. ಅಲ್ಲಿಂದ ಬಡಗಿಗೆ ಇನ್ನಷ್ಟು ಒಳಸರಿದಿರುವ ಪಡಂಗ್ ಪಡಂಗ್ ರೀಫ್, ಉಲುವಾಟುವಿನಲ್ಲಿ ತೆರೆ ಬಹಳ ದೊಡ್ಡದಾದ ದಿನಗಳಲ್ಲಷ್ಟೇ ಜೀವ ತಳೆಯುತ್ತದೆ. ಪಡಂಗ್ ಪಡಂಗ್ ಚೆನ್ನಾಗಿದೆ ಎಂಬ ಸುದ್ದಿ ಕೇಳಿದ ದಿನ, ರೀಫ್‌ಗೆ ಹೊಸಬರಾದ ನೀವು ಉಲುವಾಟುವಿಗೆ ಇಳಿಯದಿರುವುದು ಕ್ಷೇಮ.

ಮೂರನೆಯದಾದ ಉಬ್ಬರವಿಳಿತದ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ; ನಮ್ಮ ಕರಾವಳಿಯಿಂದ ಹೋದವರು ಎಡವುವುದು ಇಲ್ಲಿಯೇ. ತೆರೆಯೊಂದು ತನ್ನ ಎತ್ತರದ ಸುಮಾರು ಒಂದೂಕಾಲು ಪಟ್ಟಿನಷ್ಟು ಆಳದಲ್ಲಿ ಒಡೆಯುತ್ತದೆ, ಎಂದರೆ 2 ಮೀಟರಿನ ತೆರೆ ಸುಮಾರು ಎರಡೂವರೆ ಮೀಟರ್ ನೀರಿನಲ್ಲಿ. ಸಸಿಹಿತ್ಲಿನಲ್ಲಿ ನೀರು ಇಳಿದರೆ ಒಡೆಯುವ ಜಾಗ ಮರಳಿನ ಮೇಲೆ ಸ್ವಲ್ಪ ಹೊರಗೆ ಸರಿಯುತ್ತದೆ, ಅಷ್ಟೇ. ರೀಫ್ ಸರಿಯುವುದಿಲ್ಲ, ನೀರು ಇಳಿದರೆ ಅದೇ ಬಂಡೆಯ ಮೇಲಿನ ನೀರು ತೆಳುವಾಗುತ್ತದೆ. ಬಾಲಿಯಲ್ಲಿ ಅಮಾವಾಸ್ಯೆ–ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ 2 ಮೀಟರನ್ನು ಮೀರುತ್ತದೆ. ಆದ್ದರಿಂದ ಉಲುವಾಟು ಎಂಬುದನ್ನು ಒಂದೇ ಅಲೆಯೆಂದು ತಿಳಿಯಬೇಡಿ. ನೀರು ತುಂಬಿದಾಗ ದಡದ ಬಂಡೆಯಡಿಯ ಗುಹೆಯ ಎದುರಿನ ‘ಪೀಕ್’, ಇಳಿದಾಗ ಅದರಾಚೆಯ ‘ರೇಸ್‌ಟ್ರ್ಯಾಕ್’, ದೊಡ್ಡ ಸ್ವೆಲ್ ಮತ್ತು ಇಳಿತ ಎರಡೂ ಕೂಡಿಬಂದರೆ ಹೊರಗಿನ ‘ಔಟ್‌ಸೈಡ್ ಕಾರ್ನರ್’, ಹೀಗೆ ನೀರಿನ ಮಟ್ಟಕ್ಕೆ ತಕ್ಕಂತೆ ಆಟದ ಜಾಗವೇ ಬದಲಾಗುತ್ತದೆ. ರೇಸ್‌ಟ್ರ್ಯಾಕ್ ಹೆಸರಿಗೆ ತಕ್ಕಂತೆ ವೇಗದ್ದು, ಅಲ್ಲಿ ನೀರೂ ತೆಳು. ಮೊದಲ ದಿನ ನೀರು ಏರುತ್ತಿರುವ ಹೊತ್ತಿನಲ್ಲಿ, ಅರ್ಧಕ್ಕಿಂತ ಮೇಲೆ ಬಂದಾಗ ಪೀಕ್‌ನಲ್ಲಿ ಇಳಿಯಿರಿ.

ಆದರೆ ಹೊರಬರುವ ದಾರಿಯನ್ನೂ ಮುನ್ಸೂಚನೆಯ ಲೆಕ್ಕದಲ್ಲಿ ಸೇರಿಸಬೇಕು. ಅಲ್ಲಿ ಕಡಲಿಗೆ ಇಳಿಯುವುದೂ ಹತ್ತುವುದೂ ಬಂಡೆಯ ಕೆಳಗಿನ ಗುಹೆಯ ಮೂಲಕ. ನೀರು ಪೂರ್ತಿ ತುಂಬಿದಾಗ ಗುಹೆಯ ಮುಂದಿನ ಮರಳು ಮುಳುಗಿ, ತೆರೆ ನೇರವಾಗಿ ಕಲ್ಲಿಗೇ ಬಡಿಯುತ್ತದೆ. ಸೆಳೆತವೂ ನಿಮ್ಮನ್ನು ಬಡಗಿಗೆ ಎಳೆಯುತ್ತಿರುತ್ತದೆ. ಗುಹೆಗೆ ನೇರವಾಗಿ ಗುರಿಯಿಟ್ಟವರು ಅದನ್ನು ದಾಟಿಹೋಗುತ್ತಾರೆ, ಮತ್ತೆ ಹೊರಗೆ ಸುತ್ತಿಕೊಂಡೇ ಬರಬೇಕು. ಹಾಗಾಗಿ ಗುಹೆಗಿಂತ ತೆಂಕಿಗೆ ಸಾಕಷ್ಟು ಮೇಲಿನಿಂದಲೇ ದಡದತ್ತ ತಿರುಗಬೇಕು. ನೀವು ಇಳಿಯುವ ಹೊತ್ತಿನ ನೀರಿನ ಮಟ್ಟವನ್ನಷ್ಟೇ ಅಲ್ಲ, ಎರಡು ಗಂಟೆ ಕಳೆದು ಕೈ ಸೋತು ಮರಳುವ ಹೊತ್ತಿನ ಮಟ್ಟವನ್ನೂ ಮೊದಲೇ ನೋಡಿಟ್ಟುಕೊಳ್ಳಿ. ಗಡಿಯಾರದ ವಿಷಯವನ್ನೂ ಹೇಳಿಬಿಡುತ್ತೇನೆ: ಕೆಲವು ಪಟ್ಟಿಗಳು ಗ್ರೀನಿಚ್ ಸಮಯದಲ್ಲಿರುತ್ತವೆ, ಬಾಲಿ ಅದಕ್ಕಿಂತ 8 ಗಂಟೆ ಮುಂದೆ, ನಮಗಿಂತ ಎರಡೂವರೆ ಗಂಟೆ ಮುಂದೆ. ಈ ಲೆಕ್ಕ ತಪ್ಪಿ ನಾನೇ ಒಮ್ಮೆ ಇಳಿತದ ಹೊತ್ತನ್ನು ಉಬ್ಬರವೆಂದು ಹೇಳಿ, ಜೊತೆಯಲ್ಲಿದ್ದವರ ಕಾಲು ಹವಳಕ್ಕೆ ತರಚಲು ಕಾರಣನಾಗಿದ್ದೇನೆ.

ಗಾಳಿಯ ವಿಷಯ ಸುಲಭ. ಜುಲೈಯಲ್ಲಿ ಅಲ್ಲಿ ಆಗ್ನೇಯದ ಗಾಳಿ ಬೀಸುತ್ತದೆ. ಪಡುಬದಿಯ ರೀಫ್‌ಗೆ ಅದು ನೆಲದಿಂದ ಕಡಲಿಗೆ ಹೋಗುವ ಗಾಳಿ. ನಮ್ಮಲ್ಲಿ ಬೆಳಗಿನ ಮೂಡುಗಾಳಿ ತೆರೆಯ ಮುಖವನ್ನು ಎತ್ತಿ ಹಿಡಿಯುವಂತೆಯೇ ಅಲ್ಲಿ ಅದು ಹಗಲೆಲ್ಲ ಮಾಡುತ್ತದೆ.

ಕೊನೆಗೆ ಎತ್ತರ. ಪಟ್ಟಿಯ ಅಂಕಿ ಎಲ್ಲ ತೆರೆಗಳ ಪೈಕಿ ದೊಡ್ಡ ಮೂರನೆಯ ಒಂದು ಭಾಗದ ಸರಾಸರಿಯೇ ಹೊರತು ಅತಿ ದೊಡ್ಡ ತೆರೆಯ ಎತ್ತರವಲ್ಲ. ಸಾವಿರ ತೆರೆಗಳಲ್ಲಿ ಅತಿ ದೊಡ್ಡದು ಈ ಅಂಕಿಯ ಇಮ್ಮಡಿಗೆ ಹತ್ತಿರ ಹೋಗುವುದುಂಟು. 15 ಸೆಕೆಂಡಿಗೊಂದರಂತೆ ಸಾವಿರ ತೆರೆ ಬರಲು ಸುಮಾರು ನಾಲ್ಕು ಗಂಟೆ ಸಾಕು, ಎಂದರೆ ಅದು ನಿಮ್ಮ ಒಂದು ಬೆಳಗ್ಗೆಯೊಳಗೇ ಬರಬಹುದು. ಆದ್ದರಿಂದ ಮೇಲಿನ ಕಟ್ಟೆಯಲ್ಲಿ ಕುಳಿತು ಕನಿಷ್ಠ ಮುಕ್ಕಾಲು ಗಂಟೆ ನೋಡದೆ ಇಳಿಯಬೇಡಿ. ದೂರದ ಸ್ವೆಲ್‌ನ ದೊಡ್ಡ ಸೆಟ್‌ಗಳ, ಎಂದರೆ ಒಂದರ ಹಿಂದೊಂದು ಬರುವ ತೆರೆಗಳ ಗುಂಪುಗಳ ನಡುವೆ ಇಪ್ಪತ್ತು ನಿಮಿಷ ಕಡಲು ಸಪ್ಪಗಿರುವುದೂ ಉಂಟು.

ಇನ್ನು ಹತ್ತು ದಿನಗಳ ಮಾತು. ಉಲುವಾಟುವಿನ ತೆರೆಗಳು ಹುಟ್ಟುವುದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ, 40 ಡಿಗ್ರಿ ಅಕ್ಷಾಂಶದಿಂದಾಚೆಯ ಬಿರುಗಾಳಿಗಳಲ್ಲಿ. 20 ಸೆಕೆಂಡಿನ ಸ್ವೆಲ್ ಗಂಟೆಗೆ ಸುಮಾರು 56 ಕಿಲೋಮೀಟರ್, 14 ಸೆಕೆಂಡಿನದು ಸುಮಾರು 39 ಕಿಲೋಮೀಟರ್ ಸಾಗುತ್ತದೆ. ಬಿರುಗಾಳಿ 5000 ಕಿಲೋಮೀಟರ್ ದೂರದಲ್ಲಿದ್ದರೆ ಮೊದಲನೆಯದು ನಾಲ್ಕು ದಿನದೊಳಗೆ ತಲುಪುತ್ತದೆ, ಎರಡನೆಯದಕ್ಕೆ ಐದು ದಿನ ಮೀರುತ್ತದೆ. ಹೀಗಿರುವಾಗ ನಾಲ್ಕು ದಿನದ ಮುನ್ಸೂಚನೆಯೆಂದರೆ ಆಗಲೇ ಹುಟ್ಟಿ ಹೊರಟ ತೆರೆಯ ಪ್ರಯಾಣದ ಲೆಕ್ಕ. ಅದರ ಎತ್ತರವನ್ನು ಉಪಗ್ರಹಗಳು ದಾರಿಯಲ್ಲಿಯೇ ಅಳೆದಿರುತ್ತವೆ. ಭಾರತ ಮತ್ತು ಫ್ರಾನ್ಸ್ ಸೇರಿ 2013ರಲ್ಲಿ ಶ್ರೀಹರಿಕೋಟಾದಿಂದ ಹಾರಿಸಿದ ಸರಳ್ ಉಪಗ್ರಹ ಇಂಥದೇ ಅಳತೆಗಾಗಿ ಹೋದದ್ದು. ಹತ್ತನೆಯ ದಿನದ ತೆರೆಗಾದರೆ ಅದನ್ನು ಎಬ್ಬಿಸಬೇಕಾದ ಬಿರುಗಾಳಿಯೇ ಇನ್ನೂ ಹುಟ್ಟಿರುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದೆಂದರೆ ಇದೇ. ವಿಮಾನದ ಟಿಕೆಟನ್ನು ಋತು ನೋಡಿ ಮಾಡಿಸಿ, ರೀಫ್‌ಗೆ ಇಳಿಯುವ ದಿನವನ್ನು ಮೂರು–ನಾಲ್ಕು ದಿನ ಇರುವಾಗಷ್ಟೇ ತೀರ್ಮಾನಿಸಿ.

ಪ್ರಶ್ನೆ – ಮಲ್ಪೆಯ ಸದಸ್ಯರೊಬ್ಬರು

ನಾವು ಮೀನುಗಾರಿಕೆಯ ಮನೆಯವರು. ಕೆಲವು ವರ್ಷ ಏಪ್ರಿಲ್–ಮೇ ತಿಂಗಳಲ್ಲಿ ಗಾಳಿಯೇ ಇಲ್ಲದೆ ಕಡಲು ಉಕ್ಕಿ ದಡಕ್ಕೇರುತ್ತದೆ. ತಾವು ಹೇಳಿದ ದೂರದ ಸ್ವೆಲ್ ಇದೇನೇ?

ಉತ್ತರ

ಹೌದು ಅಣ್ಣ, ಮೂಲ ಒಂದೇ. ಅದೇ ದಕ್ಷಿಣದ ಬಿರುಗಾಳಿಗಳ ಉದ್ದನೆಯ ತೆರೆಗಳು ಬಾಲಿಗೆ ಹೋಗುವಂತೆ ಅರಬ್ಬೀ ಸಮುದ್ರಕ್ಕೂ ಬರುತ್ತವೆ. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಸದ್ದಿಲ್ಲದೆ ಬರುವ ಕಳ್ಳನಂಥ ಕಡಲು ಎಂಬ ಅರ್ಥ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಇದಕ್ಕೆ ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ. ಸರ್ಫಿಂಗ್ ಮಾಡುವವರಿಗೂ ಇದರಲ್ಲಿ ಪಾಠವಿದೆ. ಉದ್ದ ಪೀರಿಯಡ್‌ನ ತೆರೆ ಮೊದಲು ಬರುತ್ತದೆ. ಎತ್ತರ ಅರ್ಧ ಮೀಟರ್ ಇದ್ದರೂ ಪೀರಿಯಡ್ 18–20 ಸೆಕೆಂಡ್ ಎಂದು ಪಟ್ಟಿಯಲ್ಲಿ ಕಂಡರೆ, ದೊಡ್ಡ ಸ್ವೆಲ್‌ನ ಮುಂಗಾಲು ಒಳಗೆ ಬಂದಿದೆ ಎಂದು ತಿಳಿಯಬೇಕು. ಆ ಮುಂಗಾಲು ಮುನ್ಸೂಚನೆ ಹೇಳಿದ್ದಕ್ಕಿಂತ ಆರು ಗಂಟೆ ಮೊದಲೇ ಬಂದರೆ, ಹಿಂದಿನಿಂದ ಬರುವ ದೊಡ್ಡ ತೆರೆಗಳೂ ಮೊದಲೇ ಬರುವ ಸಂಭವ ಹೆಚ್ಚು.

ಪ್ರಶ್ನೆ – ಮಂಗಳೂರಿನ ಸದಸ್ಯರೊಬ್ಬರು

2024ರ ಒಲಿಂಪಿಕ್ಸ್‌ನ ಸರ್ಫಿಂಗ್ ನಡೆದ ತಾಹಿತಿಯ ತೆಅಹುಪೋ ರೀಫ್‌ನಲ್ಲಿಯೂ ಉಬ್ಬರವಿಳಿತದ ಲೆಕ್ಕ ಇಷ್ಟೇ ಮುಖ್ಯವೇ?

ಉತ್ತರ

ಅಲ್ಲಿ ಅದು ಬಹುಮಟ್ಟಿಗೆ ಗೌಣ. ತಾಹಿತಿಯ ಸುತ್ತ ಚಂದ್ರನಿಂದಾಗುವ ಉಬ್ಬರ ತೀರಾ ದುರ್ಬಲವಾದ್ದರಿಂದ ಸೂರ್ಯನ ಉಬ್ಬರವೇ ಮೇಲುಗೈಯಾಗಿ, ನೀರು ದಿನವೂ ಹೆಚ್ಚುಕಡಿಮೆ ನಡುಹಗಲಿಗೂ ನಡುರಾತ್ರಿಗೂ ಏರುತ್ತದೆ. ಅಂತರ ಮೂವತ್ತು ಸೆಂಟಿಮೀಟರಿನ ಆಸುಪಾಸು ಮಾತ್ರ. ಅಲ್ಲಿ ಎಲ್ಲವೂ ಸ್ವೆಲ್‌ನ ದಿಕ್ಕು, ಪೀರಿಯಡ್ ಮತ್ತು ಗಾಳಿಯ ಮೇಲೆ ನಿಂತಿದೆ. ಸ್ಪರ್ಧೆಗೆ ಜುಲೈ 27ರಿಂದ ಆಗಸ್ಟ್ 5ರವರೆಗೆ ದಿನಗಳನ್ನು ಕಾದಿರಿಸಿ, ಕಡಲು ಒಪ್ಪಿದ ದಿನಗಳಲ್ಲಷ್ಟೇ ನಡೆಸಿದ್ದು ಅದಕ್ಕೇ. ಒಂದು ರೀಫ್‌ನ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಪ್ರಶ್ನೆ – ಮೂಲ್ಕಿಯ ಅದೇ ಸದಸ್ಯರು

ಧನ್ಯವಾದಗಳು ಸರ್. ಹೊರಡುವ ಮೊದಲು ಇಲ್ಲಿಯೇ ಅಭ್ಯಾಸ ಮಾಡುವ ದಾರಿ ಇದೆಯೇ? ನಮ್ಮಲ್ಲಿ ಹವಳವಿಲ್ಲವಲ್ಲ.

ಉತ್ತರ

ಹವಳವಿಲ್ಲದಿದ್ದರೂ ಕಾಪುವಿನಲ್ಲಿ ಬಂಡೆಯಿದೆ. ಮಳೆಗಾಲಕ್ಕೆ ಮುಂಚೆ ದೀಪಸ್ತಂಭದ ಬಳಿ, ನೀರು ತಾಗದ ಎತ್ತರದಲ್ಲಿ ಕುಳಿತು ನೋಡಿ. ಅಲ್ಲಿ ಕಡಲಿಗೆ ಇಳಿಯಬೇಡಿ, ನೋಡುವುದಷ್ಟೇ ಅಭ್ಯಾಸ. ಒಂದು ಪುಸ್ತಕದಲ್ಲಿ ಆ ಹೊತ್ತಿನ ಮುನ್ಸೂಚನೆಯ ಪೀರಿಯಡ್, ದಿಕ್ಕು, ನೀರಿನ ಮಟ್ಟ, ಗಾಳಿ, ಎತ್ತರ ಇಷ್ಟನ್ನೂ ಬರೆದು, ಎದುರಿಗೆ ಕಣ್ಣಿಗೆ ಕಂಡದ್ದನ್ನು ಬರೆಯಿರಿ. ನಮ್ಮ ಮರಳಿನ ದಿಬ್ಬಗಳು ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುವುದರಿಂದ ಸಸಿಹಿತ್ಲಿನ ಹೋದ ವರ್ಷದ ಟಿಪ್ಪಣಿ ಈ ವರ್ಷಕ್ಕೆ ಅಷ್ಟಾಗಿ ನಡೆಯದು. ಬಂಡೆಯಾದರೆ ಅಲ್ಲಿಯೇ ಇರುವುದರಿಂದ ಪುಸ್ತಕ ಬೆಳೆದಂತೆಲ್ಲ ನಿಮ್ಮ ಅಂದಾಜು ಗಟ್ಟಿಯಾಗುತ್ತದೆ. ಉಲುವಾಟುವಿನಲ್ಲಿಯೂ ಮೊದಲ ದಿನದಿಂದಲೇ ಇದನ್ನು ಮುಂದುವರಿಸಿ.

ಪೀರಿಯಡ್ ಅನ್ನು ಗಡಿಯಾರ ಹಿಡಿದು ಅಳೆಯಲು ಕಲಿಯಿರಿ. ದಡದಲ್ಲಿ ನೊರೆಯಾದ ತೆರೆಗಳನ್ನು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಹೊರಗೆ ಇನ್ನೂ ಒಡೆಯದ ತೆರೆಯ ನೆತ್ತಿ ಒಂದು ಗುರುತಿನ ಕಲ್ಲನ್ನೋ ಲಂಗರು ಹಾಕಿದ ದೋಣಿಯನ್ನೋ ದಾಟಿದಾಗ ಗಡಿಯಾರ ಒತ್ತಿ, ಅಲ್ಲಿಂದ ಹನ್ನೊಂದನೆಯ ನೆತ್ತಿ ದಾಟಿದಾಗ ನಿಲ್ಲಿಸಿ, ಬಂದ ಸೆಕೆಂಡುಗಳನ್ನು ಹತ್ತರಿಂದ ಭಾಗಿಸಿ. ಒತ್ತಿದಾಗ ದಾಟಿದ ನೆತ್ತಿಯನ್ನೂ ಸೇರಿಸಿ ಹನ್ನೊಂದು ಎಂಬುದು ನೆನಪಿರಲಿ.