ಸಹಾಯ ಬೇಕು: ‘ಕೊಸರು’ಗೆ ಇಂಗ್ಲಿಷ್‌ನಲ್ಲಿ ಏನಂತಾರೆ?

ನಮಸ್ಕಾರ. ಗಾಂಧಿ ಬಜಾರಿನ ಹೂವಿನ ಅಂಗಡಿಗಳ ಫೋಟೊಗಳಿಗೆ ಇಂಗ್ಲಿಷ್ ಶೀರ್ಷಿಕೆ ಬರೆಯುತ್ತಿದ್ದೇನೆ. ಒಂದು ಫೋಟೊಗೆ ಪದವೇ ಸಿಗುತ್ತಿಲ್ಲ. ಹೂವಿನಾಕೆ ಮೊಣಕೈಯಿಂದ ಬೆರಳ ತುದಿವರೆಗೆ ಎರಡು ಮೊಳ ಮಲ್ಲಿಗೆ ಅಳೆದಿದ್ದಾರೆ. ದಾರ ಕತ್ತರಿಸುವ ಮೊದಲು ಬೆರಳು ನಾಲ್ಕು ಹೂವಿನಷ್ಟು ಮುಂದೆ ಜಾರಿದೆ. ಆ ನಾಲ್ಕು ಹೂವೇ ಕೊಸರು.

ಫ್ರೀಬಿ ಅಂದರೆ ಕಂಪನಿ ಆಫರಿನ ವಾಸನೆ. ಡಿಸ್ಕೌಂಟ್ ಅಂದರೆ ದುಡ್ಡು ಕಡಿಮೆ ಆಗಬೇಕು. ಬೇಕರ್ಸ್ ಡಜನ್ ಅಂದರೆ 13, ಎಣಿಸಿ ಕೊಡುವ ಸಾಮಾನಿಗೆ ಸರಿ. ಮೇಕ್‌ವೇಟ್ ಅನ್ನುವುದು ಕಡಿಮೆ ಬಿದ್ದ ತೂಕ ತುಂಬಿಸಲು ಹಾಕುವ ಚೂರು. ಕೊಸರು ಬರುವುದು ಲೆಕ್ಕ ಸರಿಯಾದ ಮೇಲೆ ಅಲ್ವಾ? ಅದೂ ಗಿರಾಕಿ ಸ್ವಲ್ಪ ಗೊಣಗಿದರೆ ಜಾಸ್ತಿ!

ತೀರಾ ಹತ್ತಿರದ್ದು ಲ್ಯಾನ್ಯಾಪ್. ಅಮೆರಿಕದ ಲೂಸಿಯಾನಾ ಕಡೆ ಅಂಗಡಿಯವರು ವ್ಯಾಪಾರ ಮುಗಿದ ಮೇಲೆ ಕೈಗಿಡುವ ಪುಟ್ಟ ವಸ್ತುವಿಗೆ ಹಾಗನ್ನುತ್ತಾರೆ. ಅರ್ಥ ಕರೆಕ್ಟ್. ಆದರೆ ಬಸವನಗುಡಿಯಲ್ಲಿ ಫೋಟೊ ನೋಡಲು ಬಂದವರು ಅದನ್ನು ಓದಿ ಸುಮ್ನೆ ತಲೆ ಕೆರೆದುಕೊಳ್ಳುತ್ತಾರೆ.

ಒಂದೇ ಪದ ಆಗಬೇಕೆಂದಿಲ್ಲ, ಎರಡು ಮೂರು ಪದ ಇದ್ದರೂ ನಡೆಯುತ್ತದೆ. ಅಥವಾ ಕೊಸರು ಅಂತಲೇ ಇಂಗ್ಲಿಷ್ ಅಕ್ಷರದಲ್ಲಿ ಬರೆದುಬಿಡಲೇ? ಭಾನುವಾರದೊಳಗೆ ಪ್ರಿಂಟಿಗೆ ಕೊಡಬೇಕು, ದಯವಿಟ್ಟು ಹೇಳಿ.