ಮನೆಯಲ್ಲೇ ಡೈ ಮಾಡಿಕೊಂಡು ಕೂದಲು ನಾರಿನಂತಾಗಿದೆ

ಪ್ರಶ್ನೆ:
ಕಳೆದ ತಿಂಗಳು ನಾನೇ ಕೂದಲಿಗೆ ಕಂದು ಬಣ್ಣ ಹಚ್ಚಿಕೊಂಡೆ. ಸರಿಯಾಗಿ ಹಿಡಿಯಲಿಲ್ಲ ಅಂತ ನಾಲ್ಕೇ ದಿನಕ್ಕೆ ಬುಡದಿಂದ ತುದಿವರೆಗೆ ಮತ್ತೆ ಬಳಿದೆ. ಈಗ ಬಾಚಣಿಗೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಒದ್ದೆ ಕೂದಲು ಎಳೆದರೆ ರಬ್ಬರಿನಂತೆ ಹಿಗ್ಗಿ ತುಂಡಾಗುತ್ತದೆ. ಹೊಳಪಂತೂ ಇಲ್ಲವೇ ಇಲ್ಲ. ಕತ್ತರಿಸದೆ ಉಳಿಸಿಕೊಳ್ಳಬಹುದಾ?

ಉತ್ತರ 1:
ನನ್ನದೂ ಇದೇ ಕಥೆ! ಡೈಯಲ್ಲಿನ ಅಮೋನಿಯಾ ಕೂದಲಿನ ಹೊರಪದರವನ್ನು ಎಬ್ಬಿಸುತ್ತದೆ. ಅದು ಮತ್ತೆ ಸಪಾಟಾಗಿ ಕೂರದಿದ್ದರೆ ತೇವ ನಿಲ್ಲುವುದಿಲ್ಲ, ಹೊಳಪೂ ಬರುವುದಿಲ್ಲ. ನಾನು ಸಲ್ಫೇಟ್ (ಜಾಸ್ತಿ ನೊರೆ ಬರಿಸಿ ಎಣ್ಣೆಯಂಶ ತೊಳೆಯುವ ರಾಸಾಯನಿಕ) ಇಲ್ಲದ ಶಾಂಪೂ ಹಿಡಿದೆ, ಅದೂ ವಾರಕ್ಕೆ 2 ಸಲ. ಹಿಂದಿನ ರಾತ್ರಿ ತುದಿಗೆ ಕೊಬ್ಬರಿ ಎಣ್ಣೆ. ಪ್ರತಿ ಸಲ ಕಂಡಿಷನರ್, ಬುಡಕ್ಕಲ್ಲ, ಕಿವಿಯಿಂದ ಕೆಳಕ್ಕೆ. ಅದು ಕೂದಲಲ್ಲಿ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಸಿಕ್ಕು ಬಿಡಿಸಿ. ಟವೆಲ್‌ನಿಂದ ಉಜ್ಜಬೇಡಿ, ಒತ್ತಿ.

ಉತ್ತರ 2:
ರಬ್ಬರಿನಂತೆ ಹಿಗ್ಗುತ್ತಿದ್ದರೆ ಎಣ್ಣೆಯೊಂದೇ ಸಾಲದು. ಪ್ರೋಟೀನ್ ಮಾಸ್ಕ್ (ಕೂದಲಿಗೆ ಹಚ್ಚಿ ತೊಳೆಯುವ ಪ್ರೋಟೀನ್ ಲೇಪ) ಒಮ್ಮೆ ಹಾಕಿ ನೋಡಿ. ಜಾಸ್ತಿಯಾದರೆ ಕೂದಲು ಕಡ್ಡಿಯಾಗುತ್ತದೆ, ಜೋಪಾನ. ಸೀಳಿದ ತುದಿ ಮಾತ್ರ ಯಾವ ಕ್ರೀಮಿಗೂ ಕೂಡುವುದಿಲ್ಲ. ಮುಂದಿನ ಸಲ ಹೊಸದಾಗಿ ಬೆಳೆದ ಬುಡಕ್ಕಷ್ಟೇ ಡೈ ಹಚ್ಚಿ.

ಪ್ರಶ್ನೆ ಕೇಳಿದವರು:
2 ಇಂಚು ಕತ್ತರಿಸಿಯೇ ಬಿಟ್ಟೆ. ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ ಅಲ್ವಾ, ಕಾಯುತ್ತೇನೆ. ಇವತ್ತು ಬಾಚಣಿಗೆ ಕೆಳಗಿನವರೆಗೂ ಇಳಿಯಿತು!